ಅಮ್ಮ ಪಾಪ ಅಂದದ್ದು

ನಮ್ಮಮ್ಮನಿಗೆ ಕೂರಲು ಬರುತ್ತಿರಲಿಲ್ಲ. ಅಡುಗೆ ಬರುತ್ತಿತ್ತು, ಹೊಲಿಗೆ ಬರುತ್ತಿತ್ತು, ಕೆಟ್ಟ ಇಸ್ತ್ರಿಪೆಟ್ಟಿಗೆಯನ್ನು ಬಿಚ್ಚಿ ಸರಿಮಾಡಲೂ ಬರುತ್ತಿತ್ತು. ಕುರ್ಚಿಗೆ ಬೆನ್ನು ಕೊಟ್ಟು ಕೂರುವುದೊಂದು ಬಿಟ್ಟು. ತಿರುವನಂತಪುರದ ಪಟ್ಟಂನಲ್ಲಿ ನಾವಿದ್ದ ಬಾಡಿಗೆ ಫ್ಲ್ಯಾಟಿನ ಹಾಲಿನಲ್ಲಿ ಬೆತ್ತದ ಕುರ್ಚಿಗಳಿದ್ದವು. ಅಪ್ಪನ ಕುರ್ಚಿಯ ಬೆತ್ತ ಜೋಲುಬಿದ್ದು ತೊಟ್ಟಿಲಾಗಿತ್ತು, ನನ್ನದನ್ನು ನಾನು ಪೆನ್ಸಿಲಿನಿಂದ ಚುಚ್ಚಿ ತೂತು ಮಾಡಿದ್ದೆ, ಬಂದವರು ಕೂರುವ ಕುರ್ಚಿಯೂ ಸವೆದಿತ್ತು. ಅಡುಗೆಮನೆ ಬಾಗಿಲ ಪಕ್ಕದ್ದು ಅಮ್ಮನದು. ಅದು ಮಾತ್ರ ಅಂಗಡಿಯಿಂದ ತಂದ ದಿನ ಹೇಗಿತ್ತೋ ಹಾಗೇ ಇತ್ತು. ಅಮ್ಮ ತಟ್ಟೆ ಕೈಯಲ್ಲಿ ಹಿಡಿದು ಒಲೆಕಟ್ಟೆಗೆ ಒರಗಿ ಉಣ್ಣುತ್ತಿದ್ದಳು. ಉಣ್ಣುತ್ತಲೇ ಇನ್ನೊಂದು ಕೈಯಲ್ಲಿ ಕಟ್ಟೆ ಒರೆಸುತ್ತಿದ್ದಳು. ಅಪ್ಪ ದಿನಾ ಅದೇ ಮಾತು ಹೇಳಿ ದಿನಾ ಅದೇ ಉತ್ತರ ಕೇಳುತ್ತಿದ್ದರು.

"ಕೂತ್ಕೊಂಡು ತಿನ್ನಬಾರದೇನೇ? ಯಾರಾದ್ರೂ ಅಟ್ಟಿಸ್ಕೊಂಡು ಬರ್ತಿದಾರಾ?"

"ನೀವು ತಿನ್ನಿ. ನನಗೆ ಕೂತ್ರೆ ಅನ್ನ ಗಂಟಲಲ್ಲಿ ಇಳಿಯಲ್ಲ."

ಈ ಚಾಳಿ ನನಗೆ ಬಳುವಳಿಯಾಗಿ ಬಂದಿದೆ. ಈಗ ನಾನು ಕೊಚ್ಚಿಯಲ್ಲಿದ್ದೇನೆ, ಎಡಪ್ಪಳ್ಳಿಯಲ್ಲಿ ಮನೆ. ಕಳಮಶ್ಶೇರಿಗೆ ಹೋಗುವ ಮೆಟ್ರೋದಲ್ಲಿ ಸೀಟು ಖಾಲಿ ಇದ್ದರೂ ನಿಂತೇ ಹೋಗುತ್ತೇನೆ. ಅಲ್ಲಿ ಒಂದು ಕಾಲೇಜಿನಲ್ಲಿ ಹುಡುಗ ಹುಡುಗಿಯರ ಕಷ್ಟ ಸುಖ ಕೇಳುವುದು ನನ್ನ ಕೆಲಸ. ನಗಬೇಡಿ. ಕೂರಲು ಬಾರದವಳಿಗೆ ದಿನವಿಡೀ ಕೂತು ಕೇಳುವ ಕೆಲಸ. ನೊಂದವರ ಜೊತೆ ಹೇಗೆ ಮಾತಾಡಬೇಕು ಅಂತ ವಿದ್ಯಾರ್ಥಿಗಳಿಗೆ ತರಬೇತಿ ಬೇರೆ ಕೊಡುತ್ತೇನೆ. ಪರದೆಯ ಮೇಲೆ ಅಂದವಾದ ಇಂಗ್ಲಿಷಿನಲ್ಲಿ ಬರೆದಿರುತ್ತದೆ: ಇದನ್ನು ಹೇಳಿ, ಅದನ್ನು ಹೇಳಬೇಡಿ. ಹಿಂದಿನ ಬೆಂಚಿನಿಂದ ಯಾರೋ ಒಬ್ಬರು ಕೇಳೇ ಕೇಳುತ್ತಾರೆ, "ಮಿಸ್, ಸರಿಯಾದ ಮಾತು ಯಾವುದು ಅಂತ ಗೊತ್ತಾಗೋದು ಹೇಗೆ?" ಆಗೆಲ್ಲ ನನಗೆ ಕಾಲೇಜು ಮರೆತುಹೋಗಿ ಪಟ್ಟಂನ ಆ ಮಹಡಿ, ಎದುರುಬದುರು ಎರಡು ಬಾಗಿಲು, ನಡುವೆ ಒಂದು ಸ್ಟೀಲು ಪಾತ್ರೆ ನೆನಪಾಗುತ್ತದೆ. ಮನೋವಿಜ್ಞಾನ ಅಂತ ನಾನು ಏನು ಕಲಿತೆನೋ ಅದರ ಬಹುಪಾಲು ಆ ಎರಡು ಬಾಗಿಲ ನಡುವೆಯೇ ಕಲಿತದ್ದು.

ಅಪ್ಪ ಅಮ್ಮ ಇಬ್ಬರೂ ಮೈಸೂರಿನ ಕಡೆಯವರು. ಅಪ್ಪನಿಗೆ ರಾಕೆಟ್ಟಿನ ಕೆಲಸ. ಹಾಗಂದರೆ ದೊಡ್ಡ ವಿಜ್ಞಾನಿ ಅಂದುಕೊಳ್ಳಬೇಡಿ. ರಾಕೆಟ್ಟಿಗೆ ಹೋಗುವ ಬಿಡಿಭಾಗಗಳನ್ನು ಒಂದು ಮೇಜಿನ ಮೇಲೆ ಬಿಗಿದು ಗಡಗಡ ಅಲುಗಿಸಿ, ಎಲ್ಲಿ ಬಿರುಕು ಬಿಡುತ್ತದೆ ಅಂತ ನೋಡುವ ವಿಭಾಗದಲ್ಲಿದ್ದರು. "ಒಡೆಯೋದಾದ್ರೆ ನೆಲದ ಮೇಲೇ ಒಡೀಲಿ" ಅನ್ನುವುದು ಅವರ ತತ್ತ್ವ. ಮನೆಯಲ್ಲೂ ಹಾಗೇ. ಯಾರಾದರೂ ಅಳುತ್ತಾ ಬಂದರೆ ಅಪ್ಪ ಮೊದಲು ಕೇಳುವುದು, ಎಲ್ಲಿ ಶುರುವಾಯಿತು, ಯಾವಾಗ ಶುರುವಾಯಿತು. ಆಮೇಲೆ ಪರಿಹಾರ ಹೇಳುತ್ತಿದ್ದರು. ಪರಿಹಾರ ಹೇಳಿಯಾದ ಮೇಲೂ ಅಳು ನಿಲ್ಲದಿದ್ದರೆ ಅವರಿಗೆ ಸಿಟ್ಟು ಬರುತ್ತಿತ್ತು. ಅಮ್ಮನ ದಾರಿಯೇ ಬೇರೆ. ಯಾರಿಗೆ ಕಷ್ಟ ಅಂತ ಗೊತ್ತಾದರೂ ಅವಳು ಅವರ ಮನೆಗೆ ಹೋಗಿ ಪಾತ್ರೆ ತೊಳೆದು, ಬಟ್ಟೆ ಮಡಿಸಿ, ನಮ್ಮ ಸಾರು ಅವರ ಒಲೆಯ ಮೇಲಿಟ್ಟು, ಬಾಯಲ್ಲಿ ಒಂದೇ ಒಂದು ಮಾತು ಹೇಳುತ್ತಿದ್ದಳು: "ಪಾಪ." ಕರುಣೆ ಬಂದಾಗ ನಮ್ಮ ಕಡೆ ಎಲ್ಲರೂ ಅನ್ನುವ ಮಾತು ಅದು. ಅಮ್ಮನ ಬಾಯಲ್ಲಂತೂ ಅದು ಉಸಿರಿನ ಹಾಗೆ ಬರುತ್ತಿತ್ತು. ಕುಂಟುವ ನಾಯಿ ಕಂಡರೆ ಪಾಪ, ಬಸ್ಸು ತಪ್ಪಿಸಿಕೊಂಡವರನ್ನು ಕಂಡರೆ ಪಾಪ, ಪರೀಕ್ಷೆಯಲ್ಲಿ ನಪಾಸಾದ ಧನಿಕರ ಮಗನೂ ಪಾಪ.

ಎದುರು ಮನೆಯಲ್ಲಿದ್ದವರು ಲತಿಕ ಚೇಚಿ. ಚೇಚಿ ಅಂದರೆ ಅಕ್ಕ. ಸರಕಾರಿ ಕಚೇರಿಯಲ್ಲಿ ಗುಮಾಸ್ತೆ. ಗಂಡ ಸುಕುಮಾರನ್ ಕೊಲ್ಲಂನಲ್ಲಿ ಬ್ಯಾಂಕಿನಲ್ಲಿದ್ದು ವಾರದ ಕೊನೆಗೆ ಬಂದುಹೋಗುತ್ತಿದ್ದರು. ನಾವು ಆ ಮನೆಗೆ ಬಂದ ಹೊಸತರಲ್ಲಿ ನಾನು ಮಹಡಿಯಲ್ಲಿ ಚೆಂಡಾಡಿ ಅವರ ಕ್ರೋಟನ್ ಕುಂಡ ಒಡೆದೆ. ಅಮ್ಮ ನನ್ನ ಕಿವಿ ಹಿಡಿದು ಅವರ ಬಾಗಿಲಿಗೆ ಕರೆದೊಯ್ದು, ಮಲಯಾಳದ ಒಂದಕ್ಷರವೂ ಬಾರದೆ, ಕೈಬಾಯಿ ಆಡಿಸಿ ಕ್ಷಮೆ ಕೇಳಿದಳು. ಚೇಚಿ ನಗುತ್ತಾ ಅಂದರು:

"ಅಯ್ಯೋ, ಸಾರಮಿಲ್ಲ! ಸಾರಮಿಲ್ಲ ಕೇಟ್ಟೋ."

ಅಮ್ಮ ಮುಖ ಸಣ್ಣಗೆ ಮಾಡಿಕೊಂಡು ಒಳಗೆ ಬಂದವಳೇ ಬೇಳೆಗೆ ಇನ್ನೊಂದು ಲೋಟ ನೀರು ಸುರಿದಳು.

"ಪಾಪ, ಅವರ ಮನೇಲಿ ಸಾರಿಲ್ಲವಂತೆ ಕಣ್ರೀ. ಒಬ್ಬಳೇ ಇರ್ತಾಳೆ, ಆಫೀಸಿಂದ ಬಂದು ಯಾವಾಗ ಮಾಡ್ಕೋಬೇಕು?"

ಹೀಗೆ ಸ್ಟೀಲು ಪಾತ್ರೆಯಲ್ಲಿ ಹೊಗೆಯಾಡುವ ಬೇಳೆಸಾರು ಎದುರು ಮನೆಗೆ ಹೋಯಿತು. ಕುಂಡ ಒಡೆಸಿಕೊಂಡವರಿಗೆ ಸಾರು ಯಾಕೆ ಬಂತು ಅಂತ ಚೇಚಿಗೆ ಪಾಪ ಹೇಗೆ ಗೊತ್ತಾಗಬೇಕು! ಆದರೂ ತೆಗೆದುಕೊಂಡರು, ಉಂಡರು, ಮಾರನೇ ದಿನ ಅದೇ ಪಾತ್ರೆಯ ತುಂಬ ಅವಿಯಲ್ ಹಾಕಿ ಕಳಿಸಿದರು. 'ಸಾರಮಿಲ್ಲ' ಅಂದರೆ 'ಪರವಾಗಿಲ್ಲ' ಅಂತ ನಾನು ಶಾಲೆಯಲ್ಲಿ ಕಲಿತು ಬಂದು ಹೇಳುವ ಹೊತ್ತಿಗೆ ಆ ಪಾತ್ರೆ ಎಷ್ಟೋ ಸಲ ಹೋಗಿ ಬಂದಿತ್ತು, ಒಂದು ಸಲವೂ ಖಾಲಿ ಬಂದಿರಲಿಲ್ಲ. ಅಮ್ಮನಿಗೆ ಒಂದು ಗಳಿಗೆ ನಾಚಿಕೆಯಾಯಿತು, ಆಮೇಲೆ ಜಂಬ. "ಅವಳು ಪರವಾಗಿಲ್ಲ ಅಂದ್ಲು, ನಾನು ಸಾರು ಕೊಟ್ಟೆ. ಯಾರಿಗೆ ನಷ್ಟ?" ಅಂದಳು. ಚೇಚಿಗೆ ಆ ಸಾರಿನ ರುಚಿ ಹಿಡಿಯಿತು. ಸಂಜೆ ಪಾತ್ರೆ ಹಿಡಿದು ಬಾಗಿಲಲ್ಲಿ ನಿಂತು ಕೂಗುತ್ತಿದ್ದರು, "ಸಾರುಂಡೋ?" ಸಾರು ಇದೆಯಾ ಅಂತ. ಆದರೆ ಆ ಊರಿನಲ್ಲಿ 'ಸಾರ್ ಉಂಡೋ' ಅಂದರೆ 'ಸಾಹೇಬರು ಇದ್ದಾರಾ' ಅಂತ ಅರ್ಥ. ಮೊದಲ ಸಲ ಅಪ್ಪ ನಿಜವಾಗಿಯೂ ತಮ್ಮನ್ನೇ ಕರೆದರು ಅಂದುಕೊಂಡು ಬನಿಯನ್ ಮೇಲೆ ಅಂಗಿ ಸಿಕ್ಕಿಸಿಕೊಂಡು ಓಡಿಬಂದಿದ್ದರು. ಆಮೇಲೆ ಅದೊಂದು ಆಟವಾಯಿತು. ಚೇಚಿ "ಸಾರುಂಡೋ?" ಅಂದ ಕೂಡಲೇ ಅಪ್ಪ ಪೇಪರು ಮಡಿಸಿ ಎದ್ದುಬಂದು, ಎದೆ ಮುಟ್ಟಿಕೊಂಡು, "ಉಂಡು!" ಅನ್ನುತ್ತಿದ್ದರು. ಇದ್ದಾರೆ! ನಮ್ಮಪ್ಪನಿಗೆ ಗೊತ್ತಿದ್ದ ಹಾಸ್ಯ ಅದೊಂದೇ. ಚೇಚಿ ಪ್ರತಿ ಸಲವೂ ಹೊಸದಾಗಿ ಕೇಳಿದವರ ಹಾಗೆ ನಗುತ್ತಿದ್ದರು.

ಮದುವೆಯಾಗಿ ಬಹಳ ವರ್ಷದ ಮೇಲೆ ಚೇಚಿ ಬಸುರಾದರು. ಆ ತಿಂಗಳುಗಳಲ್ಲಿ ಎರಡು ಬಾಗಿಲುಗಳ ಚಿಲಕವೇ ಹಾಕುತ್ತಿರಲಿಲ್ಲ. ಅಮ್ಮ ಬಳೆ ತೊಡಿಸಿದಳು, ಮುಡಿತುಂಬ ಹೂ ಮುಡಿಸಿದಳು, ಏಳನೇ ತಿಂಗಳಿಗೆ ಚಿತ್ರಾನ್ನ, ಮೊಸರನ್ನ, ಸಿಹಿ ಅಂತ ಏನೇನೋ ಬಡಿಸಿದಳು. ಚೇಚಿ ನನ್ನ ಕೈಯನ್ನು ಹೊಟ್ಟೆಯ ಮೇಲಿಟ್ಟು, "ಅಪ್ಪೀ, ನೋಕ್ಕ್" ಅನ್ನುತ್ತಿದ್ದರು, ನೋಡು ಅಂತ. ತಿರುವನಂತಪುರದಲ್ಲಿ ಮಕ್ಕಳನ್ನು ಮುದ್ದಿಗೆ 'ಅಪ್ಪಿ' ಅನ್ನುತ್ತಾರೆ. ಒಳಗಿಂದ ಯಾರೋ ಒದ್ದರೆ ನಾನು ಕಿಟಾರನೆ ಕಿರುಚುತ್ತಿದ್ದೆ. ಅದಾಗಿ ಸ್ವಲ್ಪ ದಿನಕ್ಕೇ ಒಂದು ಬೆಳಿಗ್ಗೆ ಚೇಚಿಯನ್ನು ಆಟೋದಲ್ಲಿ ಆಸ್ಪತ್ರೆಗೆ ಕರೆದೊಯ್ದರು. ವಾಪಸು ಬಂದಾಗ ಅವರ ಜೊತೆ ಬಂದದ್ದು ಅವರ ಅಮ್ಮ ಮಾತ್ರ, ಊರಿನಿಂದ. ಮಗು ಹೊಟ್ಟೆಯಲ್ಲೇ ಹೋಗಿತ್ತು.

ನಮ್ಮ ಮನೆಯಲ್ಲಿ ಅಂದು ಅನ್ನವೇ ಆಗಲಿಲ್ಲ. ಕೊಲ್ಲಂನಿಂದ ಓಡಿಬಂದ ಸುಕುಮಾರನ್ ಅವರನ್ನು ಅಪ್ಪ ಮಹಡಿಯಲ್ಲಿ ನಿಲ್ಲಿಸಿಕೊಂಡು ಇಂಗ್ಲಿಷಿನಲ್ಲಿ ಸಮಾಧಾನ ಹೇಳಿದರು: ವಯಸ್ಸಿದೆ, ಮುಂದಿನ ಸಲ ಸರಿಹೋಗುತ್ತದೆ, ಡಾಕ್ಟರನ್ನು ಬದಲಾಯಿಸಿ. ಆತ ತಲೆಯಾಡಿಸುತ್ತಾ ನಿಂತಿದ್ದರು, ಒಂದು ಮಾತೂ ಕಿವಿಗೆ ಹೋದಂತೆ ಕಾಣಲಿಲ್ಲ. ಅಮ್ಮ ಸಾರು ಮಾಡಿ, ಪಾತ್ರೆ ಹಿಡಿದು, ನನ್ನನ್ನು ಕರೆದುಕೊಂಡು ಒಳಗೆ ಹೋದಳು. ಚೇಚಿ ಮಂಚದ ಮೇಲೆ ಮಲಗಿದ್ದರು. ಕಣ್ಣು ತೆರೆದಿತ್ತು. ಅಮ್ಮ ಕೂರಲಿಲ್ಲ. ಮಂಚದ ಪಕ್ಕ ಬಗ್ಗಿ ನಿಂತು ಅವರ ತಲೆ ಸವರಿದಳು. ಅವಳಿಗೆ ಬರುತ್ತಿದ್ದ ಅರೆಬರೆ ಮಲಯಾಳವೂ ಆಗ ಬಾಯಿಗೆ ಬರಲಿಲ್ಲ. ಬಂದದ್ದು ಒಂದೇ.

"ಪಾಪ... ಪಾಪ... ಪಾಪ..."

ಚೇಚಿ ಅಮ್ಮನ ಮುಖವನ್ನೇ ನೋಡಿದರು. ಆಮೇಲೆ ಗೋಡೆಯ ಕಡೆ ಹೊರಳಿಕೊಂಡರು. ಅವರ ಅಮ್ಮ, ನಾನು ಅಮ್ಮೂಮ್ಮ ಅನ್ನುತ್ತಿದ್ದ ಬಿಳಿ ಮುಂಡಿನ ಅಜ್ಜಿ, ನಮ್ಮಮ್ಮನ ಮೊಣಕೈ ಹಿಡಿದು ಮೆಲ್ಲಗೆ ಬಾಗಿಲವರೆಗೆ ತಂದುಬಿಟ್ಟರು. ಚಿಲಕ ಬಿದ್ದ ಸದ್ದು ಕೇಳಿಸಿತು. ಸಂಜೆಗೆ ಪಾತ್ರೆ ನಮ್ಮ ಹೊಸಿಲ ಮೇಲಿತ್ತು. ತೊಳೆದು, ಒರೆಸಿ, ಬೋರಲು ಹಾಕಿಟ್ಟಿದ್ದರು. ಮೊದಲ ಬಾರಿಗೆ ಖಾಲಿ.

ಅಲ್ಲಿಂದ ಮುಂದಿನ ವಾರಗಳನ್ನು ನೆನೆದರೆ ಈಗಲೂ ನಾನು ಎದ್ದು ಓಡಾಡುತ್ತೇನೆ. ಎದುರು ಬಾಗಿಲು ತೆರೆಯುತ್ತಿರಲಿಲ್ಲ, ತೆರೆದರೂ ನಮ್ಮ ಮುಖ ಕಂಡರೆ ಮುಚ್ಚಿಕೊಳ್ಳುತ್ತಿತ್ತು. ಅಮ್ಮ ಹುಚ್ಚು ಹಿಡಿದವಳ ಹಾಗೆ ಕೆಲಸ ಮಾಡಿದಳು. ಪರದೆ ಒಗೆದಳು, ಒಗೆದದ್ದನ್ನೇ ಮತ್ತೆ ಒಗೆದಳು. ಅಟ್ಟದ ಡಬ್ಬಗಳನ್ನೆಲ್ಲ ಇಳಿಸಿ ಬಿಸಿಲಿಗಿಟ್ಟಳು. ಒಲೆಯ ಮೇಲೆ ಹಾಲಿಟ್ಟು ಮಹಡಿಗೆ ಹೋಗಿ ಎದುರು ಬಾಗಿಲು ನೋಡಿ ಬರುವಷ್ಟರಲ್ಲಿ ಹಾಲು ಸೀಯುತ್ತಿತ್ತು. ಕೈ ಕೆಲಸ ಮಾಡುತ್ತಿದ್ದರೆ ಬಾಯಿ ಲೆಕ್ಕ ಹಾಕುತ್ತಲೇ ಇರುತ್ತಿತ್ತು, ತಪ್ಪು ಎಲ್ಲಿ ಆಯಿತು ಅಂತ.

"ಹೂ ಮುಡ್ಕೊಂಡು ಹೋಗಿದ್ನಾ ಪುಟ್ಟಿ ಅವತ್ತು? ಅದಕ್ಕೇ ಇರಬೇಕು."

"ಇಲ್ಲಮ್ಮ, ಮುಡಿದಿರಲಿಲ್ಲ."

"ಹಾಗಾದ್ರೆ ತಲೆ ಮುಟ್ಟಿದ್ದು ತಪ್ಪೇನೋ. ಅವರಲ್ಲಿ ಸೂತಕದಲ್ಲಿ ಮುಟ್ಟಬಾರದೇನೋ. ಅಲ್ಲಾ, ಬಳೆ ತೊಡಿಸಿದ್ದು ನಾನು. ನನ್ನ ಕಣ್ಣೇ ತಾಕ್ತು ಅಂತ ಅಂದ್ಕೊಂಡಿದಾರಾ?"

ಅಪ್ಪ ಪೇಪರಿನ ಹಿಂದಿನಿಂದ, "ಅವರಿಗೆ ಒಬ್ಬರೇ ಇರಬೇಕು ಅನ್ನಿಸಿದೆ, ಬಿಟ್ಟುಬಿಡು" ಅನ್ನುತ್ತಿದ್ದರು. ಬಿಡುವ ಪೈಕಿಯೇ ನಮ್ಮಮ್ಮ? ಮನೆಯೊಳಗೆ ಅವಳು ತಿರುಗುತ್ತಿದ್ದರೆ ನಾನೂ ಹಿಂದೆಯೇ ತಿರುಗುತ್ತಿದ್ದೆ. ಒಂದು ಕಡೆ ಕೂತು ಹೋಂವರ್ಕ್ ಮಾಡಲು ಆಗುತ್ತಿರಲಿಲ್ಲ. ನಮ್ಮಿಬ್ಬರಿಗೂ ಆ ಊರಿನಲ್ಲಿ ಇದ್ದದ್ದು ಒಂದೇ ಮನೆ, ಎದುರು ಮನೆ. ಅದು ಹೋದರೆ ಆ ಊರೇ ಹೋದ ಹಾಗೆ.

ನಾನು ಯಾಕೆ ಮೊದಲೇ ಹಿಡಿಯಲಿಲ್ಲ ಅಂತ ಕೇಳಬಹುದು. ಮಲಯಾಳ ನನಗೆ ಬರುತ್ತಿತ್ತು, ಶಾಲೆಯಲ್ಲಿ ಓದುತ್ತಿದ್ದೆ. ಆದರೆ ಮನೆಯ ಮಾತು ಒಂದು ಕಿವಿಗೆ, ಶಾಲೆಯ ಮಾತು ಇನ್ನೊಂದು ಕಿವಿಗೆ. ಎರಡೂ ಒಳಗೆ ಒಂದನ್ನೊಂದು ಭೇಟಿ ಮಾಡುತ್ತಿರಲಿಲ್ಲ. ಒಂದು ಸಂಜೆ ಶಾಲೆಯಿಂದ ಬರುವಾಗ ಅಮ್ಮೂಮ್ಮ ತರಕಾರಿ ಚೀಲ ಹೊತ್ತು ಮೆಟ್ಟಿಲಲ್ಲಿ ಏದುಸಿರು ಬಿಡುತ್ತಿದ್ದರು. ನಾನು ಚೀಲಕ್ಕೆ ಕೈ ಕೊಟ್ಟೆ. ಅವರು ಕೊಡಲಿಲ್ಲ. ನನ್ನನ್ನು ನೋಡಿ, ಸಿಟ್ಟಿಲ್ಲದೆ, ದಣಿದ ದನಿಯಲ್ಲಿ ಕೇಳಿದರು:

"ಮೋಳೇ, ನಿಂಡೆ ಅಮ್ಮ ಎಂದಿನಾ ಅಙ್ಙನೆ ಪರಞ್ಞದ್? ಎಂಡೆ ಕೊಚ್ಚು ಎಂದು ಪಾಪಮಾ ಚೆಯ್ದದ್?"

ನಿನ್ನಮ್ಮ ಯಾಕೆ ಹಾಗಂದಳು? ನನ್ನ ಮಗಳು ಏನು ಪಾಪ ಮಾಡಿದ್ದಳು? ಅಲ್ಲಿ, ಆ ಮೆಟ್ಟಿಲ ಮೇಲೆ, ನನ್ನ ಎರಡು ಕಿವಿಗಳೂ ಒಂದಾದವು. ಮೆಟ್ಟಿಲು ಹಾರಿ ಹಾರಿ ಹತ್ತಿ ಮನೆಗೆ ಓಡಿದೆ. ಅಮ್ಮ ಹುಣಿಸೆಹಣ್ಣು ಕಿವುಚುತ್ತಿದ್ದಳು.

"ಅಮ್ಮಾ, ಮಲಯಾಳದಲ್ಲಿ ಪಾಪ ಅಂದ್ರೆ ಪಾಪ ಅಲ್ಲ! ಪಾಪ ಅಂದ್ರೆ ಪಾಪ!"

"ಏನೇ ಹಾಗಂದ್ರೆ? ನೆಟ್ಟಗೆ ಹೇಳು."

"ಪಾಪ ಪುಣ್ಯ ಅಂತೀವಲ್ಲ, ಆ ಪಾಪ ಮಾತ್ರ. ನೀನು ಅನ್ನೋ ಪಾಪಕ್ಕೆ ಅವರು ಪಾವಂ ಅಂತಾರೆ. ನೀನು ಪಾಪಿ ಅಂದೆ ಅಂತ ತಿಳ್ಕೊಂಡಿದಾರೆ. ಮಾಡಿದ ಪಾಪಕ್ಕೆ ಮಗು ಹೋಯ್ತು ಅಂತ."

ಹುಣಿಸೆ ನೀರಿನಲ್ಲಿ ಅಮ್ಮನ ಕೈ ಹಾಗೇ ನಿಂತುಬಿಟ್ಟಿತು. ಆಮೇಲೆ ತನಗೆ ತಾನೇ, "ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು" ಅಂದಳು. ಗಾದೆ ಹೇಳುವ ದನಿಯಲ್ಲಿ ಹೇಳಲಿಲ್ಲ.

ಅಪ್ಪ ಬಂದ ಮೇಲೆ ಮನೆಯಲ್ಲಿ ರಂಪವಾಯಿತು. ಅವರಿಗೆ ಒಂದು ಕಡೆ ನಿರಾಳ; ಬಿರುಕು ಎಲ್ಲಿ ಅಂತ ಸಿಕ್ಕಿತಲ್ಲ. ಒಂದು ಕಾರ್ಡಿನಲ್ಲಿ ಇಂಗ್ಲಿಷಿನಲ್ಲಿ ನಾಲ್ಕು ಸಾಲು ಬರೆದು ಬಾಗಿಲ ಕೆಳಗೆ ತೂರಿಸೋಣ ಅಂದರು.

"ಭಾಷೆಯ ತಪ್ಪು ತಿಳುವಳಿಕೆ, ಸಾರಿ ಅಂತ ಬರೀತೀನಿ. ಓದಿದವಳು, ಅರ್ಥ ಆಗತ್ತೆ. ಮುಗೀತು."

"ಏನು ಮುಗಿಯೋದು? ಹೊಟ್ಟೆ ಬರಿದಾಗಿ ಮಲಗಿದವಳಿಗೆ ನಾನು ಬಾಯಲ್ಲಿ ಅಂದೆ. ಬಾಯಲ್ಲೇ ತೆಗೀಬೇಕು ಅದನ್ನ."

"ನಿನ್ನ ಬಾಯಿಂದಲೇ ಅಲ್ವೇನೇ ಇಷ್ಟೆಲ್ಲಾ ಆಗಿದ್ದು? ಹೋಗಿ ಇನ್ನೊಂದೇನಾದ್ರೂ ಅಂದು ಬರ್ತೀಯ. ಹೋಗಬೇಡ, ಹೇಳಿದೀನಿ."

"ಅವಳೇನಾದ್ರೂ ಅಂದ್ರೆ ಅನ್ನಲಿ ಬಿಡಿ! ಮೂತಿ ತಿರುಗಿಸಿದ್ರೆ ತಿರುಗಿಸಲಿ. ನಿಮ್ಮ ಮೇಜಿನ ಮೇಲಿಟ್ಟು ಅಲ್ಲಾಡಿಸೋ ಸಾಮಾನಲ್ಲ ಅವಳು."

ಅಪ್ಪ ಪೇಪರು ಎತ್ತಿಕೊಂಡರು. ಅದು ಬೆಳಿಗ್ಗೆಯೇ ಓದಿದ ಪೇಪರು. ಮಾರನೇ ದಿನ ನಾನು ಶಾಲೆಯ ಯೂನಿಫಾರ್ಮ್ ಹಾಕಿ ಬಸ್ಸಿಗೆ ಹೊರಟವಳನ್ನು ಅಮ್ಮ ಮಣಿಕಟ್ಟು ಹಿಡಿದು ಎದುರು ಬಾಗಿಲಿಗೆ ಎಳೆದೊಯ್ದಳು. ಅವಳ ಕೈಯಲ್ಲಿ ಪಾತ್ರೆ ಇರಲಿಲ್ಲ. ಬರಿಗೈಯಲ್ಲಿ ಅವಳು ಯಾರ ಮನೆಗಾದರೂ ಹೋದದ್ದನ್ನು ನಾನು ನೋಡಿದ್ದು ಅದೇ ಮೊದಲು.

"ನಾನು ಹೇಳಿದ್ದನ್ನ ಹಾಗ್ಹಾಗೇ ಹೇಳು. ಜಾಣತನ ಮಾಡಬೇಡ."

ಅಮ್ಮೂಮ್ಮ ಬಾಗಿಲು ತೆಗೆದು, ಮುಚ್ಚಲೋ ಬೇಡವೋ ಅಂತ ನಿಂತರು. ಅಮ್ಮ ಅವರ ಕೈಕೆಳಗಿಂದ ನುಸುಳಿಯೇಬಿಟ್ಟಳು. ಚೇಚಿ ಅದೇ ಮಂಚ, ಅದೇ ಗೋಡೆ. ತಲೆಗೆ ಎಣ್ಣೆ ಹಚ್ಚಿ ಕಟ್ಟಿದ್ದರು. ಎದೆಗೆ ಬಿಗಿಯಾಗಿ ಒಂದು ತುಂಡು ಬಟ್ಟೆ ಕಟ್ಟಿದ್ದು ನೈಟಿಯ ಕುತ್ತಿಗೆಯಲ್ಲಿ ಕಾಣುತ್ತಿತ್ತು. ಅಮ್ಮ ನಿಂತುಕೊಂಡೇ ಶುರುಮಾಡಿದಳು. ಹೇಳು, ನಮ್ಮ ಭಾಷೇಲಿ ಪಾಪ ಅಂದ್ರೆ ಪಾವಂ. ನಾನು ಹೇಳಿದೆ. ಹೇಳು, ನಾನು ಬೈಯಲಿಲ್ಲ, ನನ್ನ ಹೊಟ್ಟೆ ಉರೀತು. ಅದನ್ನೂ ಹೇಳಿದೆ, ಹೊಟ್ಟೆ ಉರಿಯುವುದಕ್ಕೆ ಮಲಯಾಳದಲ್ಲಿ ಏನನ್ನುತ್ತಾರೋ ಗೊತ್ತಾಗದೆ ನೋವು ಅಂದೆ. ಚೇಚಿ ಗೋಡೆಯ ಕಡೆಗೇ ಮುಖವಿಟ್ಟು ತಲೆಯಾಡಿಸಿದರು.

"ಸಾರಮಿಲ್ಲ," ಅಂದರು.

ಕುಂಡ ಒಡೆದಾಗ ಅಂದ ಅದೇ ಮಾತು. ಆದರೆ ಒಳಗೆ ಏನೂ ಇರಲಿಲ್ಲ ಅದರಲ್ಲಿ. ಅಮ್ಮೂಮ್ಮ ದಾರಿ ಬಿಟ್ಟು ನಿಂತರು, ಇನ್ನು ಹೊರಡಿ ಅನ್ನುವ ಹಾಗೆ. ನಾನೂ ತಿರುಗಿದೆ, ಕೆಳಗೆ ಶಾಲೆಯ ಬಸ್ಸು ಹಾರ್ನ್ ಹೊಡೆಯುತ್ತಿತ್ತು. ಅಪ್ಪನ ಪ್ರಕಾರ ಕೆಲಸ ಮುಗಿದಿತ್ತು. ಅಮ್ಮ ಕದಲಲಿಲ್ಲ. ಚೇಚಿಯ ಎದೆಗೆ ಕಟ್ಟಿದ್ದ ಆ ಬಟ್ಟೆಯನ್ನೇ ನೋಡುತ್ತಿದ್ದಳು.

"ಹಾಲು ನಿಂತಿತಾ ಕೇಳು."

ನನಗೆ ಮೈ ಉರಿಯಿತು. ಬಸ್ಸು ಹೋಗುತ್ತಿದೆ, ಇವಳು ಹಾಲಿನವನ ವಿಚಾರ ತೆಗೆದಳಲ್ಲ! ಹಾಲಿನ ಪ್ಯಾಕೆಟ್ಟು ನಿಲ್ಲಿಸಿದ್ದಾರೋ ಅಂತ ಕೇಳುತ್ತಿದ್ದಾಳೆ ಅಂದುಕೊಂಡೆ. ಕಾಟಾಚಾರಕ್ಕೆ ಕೇಳಿದೆ:

"ಪಾಲ್ ನಿನ್ನೋ ಎನ್ನು ಅಮ್ಮ ಚೋದಿಕ್ಕುನ್ನು."

ಚೇಚಿ ಗೋಡೆ ಬಿಟ್ಟು ಹೊರಳಿದರು. ಅಮ್ಮನನ್ನು ನೋಡಿದರು. ಆ ವಾರಗಳಲ್ಲಿ ಬಂದವರೆಲ್ಲ ವಿಧಿ ಅಂದಿದ್ದರು, ದೇವರು ಅಂದಿದ್ದರು, ಮುಂದಿನ ಸಲ ಅಂದಿದ್ದರು. ಇದನ್ನು ಯಾರೂ ಕೇಳಿರಲಿಲ್ಲ.

"ಇಲ್ಲ," ಅಂದರು.

ಎರಡೂ ಭಾಷೆಗೂ ಅದು ಒಂದೇ ಮಾತು. ನನ್ನ ಸಹಾಯ ಬೇಕಾಗಲಿಲ್ಲ. ಅಮ್ಮ ತಲೆಯಾಡಿಸಿದಳು. ಆಮೇಲೆ ನನ್ನ ಕಡೆ ನೋಡದೆ ಅಂದಳು:

"ಹೇಳು, ನನಗೂ ಹೀಗೇ ಆಗಿತ್ತು. ಮಗು ಇಲ್ಲ, ಹಾಲು ಮಾತ್ರ ನಿಲ್ಲಲೇ ಇಲ್ಲ. ನಿನಗಿಂತ ಮುಂಚೆ ನನಗೊಂದು ಪಾಪ ಇತ್ತು ಅಂತ ಹೇಳು."

"ಯಾವ ಪಾಪ? ಯಾರಮ್ಮ?"

"ಹೇಳೇ ಮೊದಲು!"

ಮಗುವಿಗೂ ನಾವು ಪಾಪ ಅನ್ನುತ್ತೇವೆ. ಪಾಪು, ಪಾಪ. ಅಮ್ಮ ಅಂದದ್ದು ಆ ಪಾಪ ಅಂತ ನನಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ನಾನೇ ಮೊದಲನೆಯವಳು, ಒಬ್ಬಳೇ ಮಗಳು ಅಂದುಕೊಂಡು ಮೆರೆಯುತ್ತಿದ್ದೆ. ನನಗೆ ಯಾರೂ ಹೇಳದಿದ್ದ ಸಂಗತಿಯನ್ನು ನಾನೇ ಇನ್ನೊಬ್ಬರಿಗೆ, ಇನ್ನೊಂದು ಭಾಷೆಯಲ್ಲಿ, ಹೇಳಬೇಕಾಗಿತ್ತು. ಸಿಟ್ಟು ಬಂತು, ಅಳು ಬಂತು. ಹೇಳಿದೆ:

"ಎನಿಕ್ಕು ಮುನ್ಪು ಅಮ್ಮಯ್ಕ್ ಒರು ಕುಞ್ಞು ಉಂಡಾಯಿರುನ್ನು."

ನನಗಿಂತ ಮುಂಚೆ ಅಮ್ಮನಿಗೊಂದು ಮಗು ಇತ್ತು. ಬಾಗಿಲಲ್ಲಿದ್ದ ಅಮ್ಮೂಮ್ಮ ಸೆರಗಿನ ತುದಿ ಬಾಯಿಗೆ ಒತ್ತಿಕೊಂಡರು. ಚೇಚಿ ಮೊಣಕೈ ಊರಿ ಸ್ವಲ್ಪ ಎದ್ದರು.

"ಪಾಪ... ಎನ್ನಾಲ್ ಕುಞ್ಞೋ?"

ಪಾಪ ಅಂದರೆ ಮಗುವಾ? ಅಮ್ಮನಿಗೆ ನಾನು ಹೇಳಿಕೊಡುವುದು ಬೇಕಾಗಲಿಲ್ಲ.

"ಹೂಂ ಕಣಮ್ಮ. ಪಾಪ."

ಚೇಚಿ ಆ ಶಬ್ದವನ್ನು ಇನ್ನೊಂದು ಸಲ, ಬಾಯಲ್ಲಿ ತಿರುಗಿಸಿ ನೋಡುವ ಹಾಗೆ, ಅಂದರು. ಅವರ ಮಗುವಿಗೆ ಹೆಸರು ಇಟ್ಟಿರಲಿಲ್ಲ. ಅಷ್ಟೇ ಅವತ್ತು ಆದದ್ದು. ಅಳಲಿಲ್ಲ, ಅಪ್ಪಿಕೊಳ್ಳಲಿಲ್ಲ. ಅಮ್ಮ ಹೊರಗೆ ಬಂದವಳೇ ಪಟ್ಟಂ ಜಂಕ್ಷನ್ನಿಗೆ ಓಡಿ, ಮಲ್ಲಿಗೆ ಹೂ ತಂದು ಅಮ್ಮೂಮ್ಮನ ಕೈಗೆ ಕೊಟ್ಟು, ಎದೆಗೆ ಹೀಗೆ ಕಟ್ಟಿ, ಹಾಲು ಬತ್ತುತ್ತದೆ ಅಂತ ಕೈಸನ್ನೆಯಲ್ಲೇ ತೋರಿಸಿ ಬಂದಳು. ನನ್ನ ಬಸ್ಸು ಹೋಗಿತ್ತು. ಸಿಟಿ ಬಸ್ಸಿನಲ್ಲಿ ಅವಳೇ ನನ್ನನ್ನು ಶಾಲೆಗೆ ಬಿಡಲು ಬಂದಳು, ಸೀಟಿದ್ದರೂ ಕಂಬಿ ಹಿಡಿದು ನಿಂತು. ನಾನು ಜಗಳ ತೆಗೆದೆ.

"ನನಗ್ಯಾಕೆ ಹೇಳಲಿಲ್ಲ? ಆಮೇಲೆ ನೀನೇನು ಮಾಡಿದೆ?"

"ಏನು ಮಾಡೋದು? ಕೂತ್ರೆ ಯೋಚನೆ ಬರತ್ತೆ, ಎದ್ದು ಕೆಲಸ ನೋಡು ಅಂದ್ರು ಎಲ್ಲಾ. ಎದ್ದೆ. ಆಮೇಲೆ ಕೂರೋದು ಹೇಗೆ ಅಂತ ಮರೆತೇಹೋಯ್ತು ಕಣೇ."

ಇದನ್ನು ಅವಳು ನಗುತ್ತಾ ಹೇಳಿದಳು. ನನಗೆ ನಗು ಬರಲಿಲ್ಲ. ಶಾಲೆಯ ಗೇಟಿನಲ್ಲಿ ಇಳಿಸಿ ಹೋಗುವಾಗ ಅವಳ ಬೆನ್ನನ್ನೇ ನೋಡುತ್ತಾ ನಿಂತಿದ್ದೆ. ಅಷ್ಟು ಬಿರಬಿರನೆ ನಡೆಯುತ್ತಿದ್ದಳು, ಯಾರೋ ನಿಜವಾಗಿಯೂ ಅಟ್ಟಿಸಿಕೊಂಡು ಬರುತ್ತಿದ್ದಾರೆ ಅನ್ನುವ ಹಾಗೆ. ಈಗ ತರಬೇತಿಯಲ್ಲಿ ಹುಡುಗರು ಸರಿಯಾದ ಮಾತು ಯಾವುದು ಅಂತ ಕೇಳಿದಾಗ ನಾನು ಪರದೆ ಆರಿಸಿ ಇದನ್ನೇ ಹೇಳುತ್ತೇನೆ. ತಪ್ಪು ಮಾತು ಬಂದೇ ಬರುತ್ತದೆ, ಬಂದ ಮೇಲೆ ವಾಪಸು ಹೋಗಿ, ಮತ್ತು ಹಾಲಿನ ವಿಷಯ ಕೇಳಿ. ಅವರಿಗೆ ಅರ್ಧ ಅರ್ಥವಾಗುತ್ತದೆ. ನನ್ನ ಮಗಳಂತೂ ಇದನ್ನು ಕೇಳಿ ಕೇಳಿ ಬೇಸತ್ತು, "ಮದಿ ಅಮ್ಮೇ" ಅನ್ನುತ್ತಾಳೆ. ಸಾಕಮ್ಮ ಅಂತ.

ಅದಾದ ಮೇಲೂ ಎದುರು ಬಾಗಿಲು ಕೆಲವು ದಿನ ಮುಚ್ಚಿಯೇ ಇತ್ತು. ಅಮ್ಮ ಹೋಗಿ ತಟ್ಟಲಿಲ್ಲ, ಆದರೆ ದಿನಾ ಒಂದು ಲೋಟ ಸಾರು ಹೆಚ್ಚಿಗೆ ಮಾಡುತ್ತಿದ್ದಳು. ಉಳಿದದ್ದನ್ನು ಮಾರನೇ ಬೆಳಿಗ್ಗೆ ಅಪ್ಪ ಮುಖ ಕಿವುಚಿಕೊಂಡು ದೋಸೆಗೆ ಹಾಕಿಕೊಂಡು ತಿನ್ನುತ್ತಿದ್ದರು. ಒಂದು ಸಂಜೆ ಅಪ್ಪ ಪೇಪರು ಓದುತ್ತಿದ್ದರು, ನಾನು ಲೆಕ್ಕ ಮಾಡುವ ನಾಟಕ ಆಡುತ್ತಿದ್ದೆ, ಅಮ್ಮ ಒಲೆಯ ಮುಂದಿದ್ದಳು. ಸಾರಿಗೆ ಬೇಳೆ ಹಾಕಿ, ಒಗ್ಗರಣೆಗೆ ಇಂಗು ಹುಡುಕುತ್ತಿದ್ದಳು. ಬಾಗಿಲಲ್ಲಿ ದನಿ ಕೇಳಿತು. ಒಡೆದ ದನಿ, ಬಹಳ ದಿನದಿಂದ ಬಳಸದ್ದು.

"ಸಾರುಂಡೋ?"

ಅಮ್ಮ ಇಂಗಿನ ಡಬ್ಬಿ ಹಿಡಿದು ಹಾಗೇ ನಿಂತಳು. ಅಪ್ಪ ಪೇಪರಿನ ಮೇಲಿಂದ ಅಮ್ಮನನ್ನು ನೋಡಿದರು. ಹೋಗಲೇ, ಬೇಡವೇ, ಈಗ ಆ ಹಾಸ್ಯ ಮಾಡಬಹುದೇ ಅಂತ ಅವರ ಕಣ್ಣು ಕೇಳುತ್ತಿತ್ತು. ಅಪ್ಪ ಎದ್ದರು. ಬನಿಯನ್ನಿನಲ್ಲೇ ಬಾಗಿಲಿಗೆ ಹೋದರು. ಚೇಚಿ ಬಿಳುಚಿಕೊಂಡಿದ್ದರು, ಕೈಯಲ್ಲಿ ತಮ್ಮ ಮನೆಯದೇ ಒಂದು ಖಾಲಿ ಪಾತ್ರೆ ಹಿಡಿದಿದ್ದರು. ಅಪ್ಪ ಎದೆ ಮುಟ್ಟಿಕೊಂಡು, ಗಂಟಲು ಸರಿಮಾಡಿಕೊಂಡು, ಬಹಳ ಮೆಲ್ಲಗೆ ಅಂದರು:

"ಉಂಡು."

ಚೇಚಿ ನಕ್ಕರು. ನಗು ಶುರುವಾದದ್ದು ಮಾತ್ರ ನಗುವಾಗಿ. ಅರ್ಧಕ್ಕೆ ಬರುವಷ್ಟರಲ್ಲಿ ಅದು ಬೇರೆಯಾಯಿತು, ಪಾತ್ರೆ ಕೈಯಿಂದ ಬಿದ್ದು ಠಣ್ಣನೆ ಉರುಳಿಹೋಯಿತು. ಅಮ್ಮ ಓಡಿಬಂದು ಅವರನ್ನು ಹಿಡಿದು ಒಳಗೆ ತಂದು ಅಪ್ಪನ ಜೋಲು ಕುರ್ಚಿಯಲ್ಲಿ ಕೂರಿಸಿದಳು. ನೀರು ತರಲು ಒಳಗೆ ಹೊರಟಳು. ಚೇಚಿ ಅವಳ ಸೆರಗು ಬಿಡಲಿಲ್ಲ. ಅಮ್ಮ ಒಂದು ಸಲ ಅಡುಗೆಮನೆ ನೋಡಿದಳು, ಒಂದು ಸಲ ಹಿಡಿದ ಸೆರಗು ನೋಡಿದಳು. ಆಮೇಲೆ ತನ್ನ ಆ ಹೊಸ ಕುರ್ಚಿಯನ್ನು ಕಾಲಲ್ಲೇ ಎಳೆದುಕೊಂಡು ಕೂತಳು. ಬೆನ್ನು ಕೊಟ್ಟು ಕೂತಳು. ಬೆತ್ತ ಕಿರ್ರೆಂದಿತು. ಚೇಚಿ ಅತ್ತರು, ನಮ್ಮಮ್ಮನೂ ಅತ್ತಳು. ಅಮ್ಮ ಅಳುತ್ತಿದ್ದದ್ದು ಚೇಚಿಯ ಪಾಪಕ್ಕೋ ತನ್ನ ಪಾಪಕ್ಕೋ ನನಗೆ ಗೊತ್ತಾಗಲಿಲ್ಲ.

ಒಳಗೆ ಸಾರು ಉಕ್ಕಿತು. ಉಕ್ಕಿ ಒಲೆಯ ಮೇಲೆ ಚುರ್ ಅಂದ ಸದ್ದು ಎಲ್ಲರಿಗೂ ಕೇಳಿಸಿತು, ಬೇಳೆ ಸೀದ ವಾಸನೆಯೂ ಬಂತು. ಅಪ್ಪ ಗಾಬರಿಯಾಗಿ ಅಮ್ಮನ ಕಡೆ ನೋಡಿದರು. ಅಮ್ಮ ಏಳಲಿಲ್ಲ. ನಾನೇ ಹೋಗಿ ಒಲೆ ಆರಿಸಿದೆ.